ಹಲ್ಲಿನ ಬಣ್ಣ ನೋಡುವ ಬೆಳಕು

ಶರಣುವಿಗೆ ಮುಂಬೈಯ ಸಾವಿರಾರು ಬಾಯಿಗಳ ಪರಿಚಯವಿತ್ತು. ಮುಖ ಮಾತ್ರ ಒಂದೂ ಗೊತ್ತಿರಲಿಲ್ಲ.

ಬೈಕುಲ್ಲಾದ ಹಳೆಯ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿ ಹಿತೇಶ್‌ಭಾಯಿಯ ಡೆಂಟಲ್ ಲ್ಯಾಬ್ ಇದೆ. ಕೆಳಗಿನ ಮಾಳಿಗೆಯಲ್ಲಿ ಲೇತ್ ಮಶಿನ್ನಿನವರು, ಮೇಲೆ ಜರಿ ಕೆಲಸದವರು, ನಡುವೆ ಹಲ್ಲಿನವರು. ಅಲ್ಲಿ ಶರಣು ಹನ್ನೊಂದು ವರ್ಷದಿಂದ ಪಿಂಗಾಣಿ ಹಲ್ಲು ಮಾಡುತ್ತಿದ್ದ. ಕ್ಲಿನಿಕ್ಕುಗಳಿಂದ ಜನರ ಬಾಯಿಯ ಅಚ್ಚುಗಳು ಡಬ್ಬಿಯಲ್ಲಿ ಬರುತ್ತಿದ್ದವು. ಅಚ್ಚಿಗೆ ಪ್ಲಾಸ್ಟರ್ ಸುರಿದು ಒಣಗಿಸಿದರೆ ಬಾಯಿ ತಯಾರು. ಜೊತೆಗೊಂದು ಚೀಟಿ ಇರುತ್ತಿತ್ತು: ಕೇಸ್ ನಂಬರು, ಯಾವ ಹಲ್ಲು, ಯಾವ ಬಣ್ಣ. ಬಣ್ಣಕ್ಕೂ ನಂಬರೇ. ಶೇಡ್ ಗೈಡ್ ಎಂದು ಅವರು ಕರೆಯುವ ಪಟ್ಟಿಯಲ್ಲಿ ಹದಿನಾರು ಹುಸಿ ಹಲ್ಲುಗಳು ಸಾಲಾಗಿ ನಿಂತಿರುತ್ತವೆ, ಒಂದೊಂದಕ್ಕೂ ಒಂದು ನಂಬರು. ಬಿ-ಒನ್ ಎಂದರೆ ಪೂರಾ ಬಿಳುಪು, ಸಿನಿಮಾದ ಆಸೆಯವರದು, ಮದುವೆ ನಿಶ್ಚಯವಾದವರದು. ಎ-ತ್ರೀ ಎಂದರೆ ಬ್ಯಾಂಕಿನಿಂದ ರಿಟೈರ್ ಆದವರದು. ಚೀಟಿಯಲ್ಲಿ ಬರೆದಿದ್ದನ್ನು ಶರಣು ಮಾಡಿಕೊಡುತ್ತಿದ್ದ. ಆ ಹಲ್ಲು ಯಾರ ಬಾಯಿ ಸೇರಿತು, ಅದರಿಂದ ಅವರು ಏನು ಕಡಿದರು, ಯಾರನ್ನು ನೋಡಿ ನಕ್ಕರು, ಒಂದೂ ಅವನಿಗೆ ತಿಳಿಯುತ್ತಿರಲಿಲ್ಲ. ಲೋಕಲ್ ರೈಲಿನಲ್ಲಿ ಎದುರಿಗೆ ನಿಂತವನು ಆಕಳಿಸಿದರೆ ಸಾಕು, ಶರಣುವಿನ ಕಣ್ಣು ತಾನಾಗಿ ಒಳಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿತ್ತು.

ಇಂಥವನಿಗೆ ಸರಿಯಾಗಿ ನೋಡಲು ಸಿಗದ ಬಾಯಿ ಒಂದೇ ಇತ್ತು. ಅದು ಅವನ ಹೆಂಡತಿ ಶಿವಕುಮಾರಿಯದು.

ಅವಳ ಊರು ಗದಗಿನ ಆಚೆ. ಅವಳು ಬೆಳೆಯುವಾಗ ಊರಿಗೆಲ್ಲ ಕುಡಿಯಲು ಬೋರಿನ ನೀರೇ ಗತಿ. ಆ ನೀರಿನಲ್ಲಿದ್ದ ಫ್ಲೋರೈಡು ಅವಳ ಓರಗೆಯ ಮಕ್ಕಳ ಹಲ್ಲಿನ ಮೇಲೆಲ್ಲ ಕಂದು ಪಟ್ಟಿ ಎಳೆದುಬಿಟ್ಟಿತ್ತು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಅವಳು ತನ್ನ ಎದುರಿಗೆ ತುಟಿ ತೆರೆದು ನಕ್ಕ ನೆನಪು ಅವನಿಗಿರಲಿಲ್ಲ. ನಗು ಬಂದರೆ ಓಢಣಿಯ ತುದಿ ಬಾಯಿಗೆ ಬರುತ್ತಿತ್ತು, ಇಲ್ಲವೇ ಗೋಡೆಯ ಕಡೆ ತಿರುಗುತ್ತಿದ್ದಳು. ನೀರಿನ ದೋಷ, ಪಾಪ, ಇವಳೇನು ಮಾಡಿಯಾಳು ಎಂದು ಶರಣು ಅಂದುಕೊಳ್ಳುತ್ತಿದ್ದ.

ಒಂದು ದಿನ ಲ್ಯಾಬಿನಲ್ಲಿ ಪಿಂಗಾಣಿ ಸುಡುವ ಭಟ್ಟಿ ಕೆಟ್ಟು ಅವನು ಮಧ್ಯಾಹ್ನವೇ ಮನೆಗೆ ಹೊರಟ. ಸಾಂತಾಕ್ರೂಜ್ ಪೂರ್ವದ ಚಾಳು ಎನ್ನುವ ಒಂದು ವಠಾರದಲ್ಲಿ ಅವರ ಮನೆ. ಶಿವಕುಮಾರಿ ಅಲ್ಲೇ ಹೊಲಿಗೆ ಮಶಿನ್ನು ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತ, ಸೀರೆಗಳಿಗೆ ಫಾಲ್ ಹಚ್ಚುತ್ತ ಇದ್ದಳು. ಮೆಟ್ಟಿಲು ಹತ್ತುವಾಗಲೇ ಅವನಿಗೊಂದು ನಗೆ ಕೇಳಿಸಿತು. ಮಶಿನ್ನಿನ ಬೆಲ್ಟು ಕಳಚಿ ಚಕ್ರ ತನ್ನಷ್ಟಕ್ಕೆ ಓಡಿದ ಹಾಗೆ, ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಓಡುವಂಥ ನಗೆ. ಯಾರದಪ್ಪಾ ಇದು ಎಂದುಕೊಳ್ಳುತ್ತಲೇ ಬಾಗಿಲಿಗೆ ಬಂದರೆ ಪಕ್ಕದ ಮನೆಯ ಭಾಗವ್ವ ನೆಲದ ಮೇಲೆ ಕೂತು ಯಾರದೋ ಮಾತಿನ ಅಣಕ ಮಾಡುತ್ತಿದ್ದಳು. ಶಿವಕುಮಾರಿ ಮಶಿನ್ನಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು. ಅವನನ್ನು ಕಂಡಿದ್ದೇ ನಗು ನಿಂತಿತು. ಓಢಣಿ ಮೇಲೆ ಬಂತು. ಯಾಕ್ರಿ, ಮೈಯಾಗ ಹುಷಾರಿಲ್ಲೇನು ಎಂದು ಕೇಳಿದಳು.

ಆ ನಗೆ ತನ್ನ ಎದುರಿಗೂ ಬರಬೇಕು ಎಂಬ ಒಂದು ಹಟ ಅವತ್ತೇ ಅವನೊಳಗೆ ಕೂತಿತು. ಹಟ ತೀರಿಸಿಕೊಳ್ಳುವ ದಾರಿಯೂ ಅವನಿಗೆ ಗೊತ್ತಿತ್ತು. ವೆನೀರ್. ಹಲ್ಲಿನ ಮುಂಭಾಗವನ್ನು ಮಶಿನ್ನಿನಿಂದ ತುಸು ಉಜ್ಜಿ ಸವೆಸಿ, ಅದರ ಮೇಲೆ ಉಗುರಿನಷ್ಟು ತೆಳುವಾದ ಪಿಂಗಾಣಿಯ ಹೊದಿಕೆ ಅಂಟಿಸುವುದು. ಮೇಲಿನ ಸಾಲಿಗೆ ಹತ್ತು ಕೂರಿಸಿದರೆ ಕಂದು ಪಟ್ಟಿ ಇತ್ತೆಂದು ಯಾರೂ ಹೇಳಲಾರರು. ಇಡೀ ಮುಂಬೈಗೆ ಮಾಡಿಕೊಟ್ಟವನು ಹೆಂಡತಿಗೆ ಮಾಡದಿದ್ದರೆ ಹೇಗೆ? ಶಿವಕುಮಾರಿಗೆ ಹೇಳಿದ. ಅವಳು ಸೂಜಿಗೆ ದಾರ ಪೋಣಿಸುತ್ತ, ನೀವು ಹೆಂಗಂತೀರಿ ಹಂಗ, ಎಂದಳು.

ಸಾಂತಾಕ್ರೂಜ್ ಪಶ್ಚಿಮದಲ್ಲಿ ಡಾಕ್ಟರ್ ವಿನೋದಿನಿಯ ಕ್ಲಿನಿಕ್ಕು. ಅವರು ಉಡುಪಿ ಕಡೆಯವರು, ಶರಣುವಿನ ಕೈಕೆಲಸ ಮೆಚ್ಚಿ ವರ್ಷಗಳಿಂದ ಅವನಿಗೇ ಕೇಸು ಕಳಿಸುತ್ತಿದ್ದವರು. ಶಿವಕುಮಾರಿಯ ಬಾಯಿ ನೋಡಿ, ಕನ್ನಡಿ ಕೆಳಗಿಟ್ಟು, ಇದಕ್ಕೆ ನಾಲ್ಕು ದಾರಿ ಇವೆ ಎಂದು ಬಿಡಿಸಿ ಹೇಳಿದರು. ಆಸಿಡ್ ಬೆರೆತ ಹುಳಿಯ ಪೇಸ್ಟು ಹಚ್ಚಿ ಮೇಲಿನ ಕೂದಲೆಳೆಯಷ್ಟು ಪದರ ಮಾತ್ರ ತಿಕ್ಕಿ ತೆಗೆದರೆ ಕಂದು ಬಹಳ ಮಟ್ಟಿಗೆ ಹೋಗುತ್ತದೆ. ಆಮೇಲೆ ಬಿಳುಪಿನ ಜೆಲ್ ಹಾಕಿ ಉಳಿದ ಬಣ್ಣವನ್ನು ಇಳಿಸಬಹುದು. ಕುಳಿ ಬಿದ್ದಲ್ಲಿ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಬಹುದು. ವೆನೀರ್ ಇರುವುದು ಎಲ್ಲಕ್ಕಿಂತ ಕೊನೆಗೆ.

"ನಿಮ್ಮ ಕೆಲಸ ಫಸ್ಟ್ ಕ್ಲಾಸ್ ಉಂಟು ಶರಣು, ಅದು ನಂಗೆ ಗೊತ್ತಿಲ್ವಾ," ಎಂದರು. "ಆದ್ರೆ ಹತ್ತು ಹಲ್ಲು ಉಜ್ಜುದು ಅಂದ್ರೆ ತಮಾಷೆ ಅಲ್ಲ. ಇವರಿಗೆ ಇಪ್ಪತ್ತೇಳು. ಉಜ್ಜಿದ್ದು ಮತ್ತೆ ವಾಪಸ್ ಬರುದಿಲ್ಲ ಮಾರಾಯ್ರೇ."

ಆಮೇಲೆ ಶಿವಕುಮಾರಿಯ ಕಡೆ ತಿರುಗಿ, ನಿಮಗೆ ಹೇಗೆ ಬೇಕು ಎಂದು ಕೇಳಿದರು. ಶಿವಕುಮಾರಿ ಬಾಯಿ ತೆರೆಯುವ ಮೊದಲೇ ಶರಣು ಹೇಳಿದ:

"ಪೂರಾ ಬೆಳ್ಳಗ ಬೇಕ್ರಿ ಮೇಡಂ. ಬಿ-ಒನ್."

ಡಾಕ್ಟರು ಇಬ್ಬರನ್ನೂ ಒಂದು ಕ್ಷಣ ನೋಡಿದರು. ಸರಿ, ಅಚ್ಚು ತೆಗೀತೇನೆ, ಆದರೆ ಉಜ್ಜುವ ಮುಂಚೆ ಟ್ರಯಲ್ ಆಗಲೇಬೇಕು ಎಂದರು. ಶರಣು ಅವಳ ಪ್ಲಾಸ್ಟರ್ ಬಾಯಿಯ ಮೇಲೆ ಹತ್ತು ಹಲ್ಲುಗಳನ್ನು ಮೇಣದಲ್ಲಿ ಕಡೆದು ಕೊಡಬೇಕು. ಅದೇ ಆಕಾರದಲ್ಲಿ ತಾತ್ಕಾಲಿಕ ಹಲ್ಲುಗಳನ್ನು ಅವಳ ಹಲ್ಲಿನ ಮೇಲೆ ಕೂರಿಸುತ್ತಾರೆ. ನಾಲ್ಕು ದಿನ ಹಾಕಿಕೊಂಡು ಉಣ್ಣಲಿ, ಮಾತಾಡಲಿ, ನಗಲಿ. ಒಪ್ಪಿಗೆಯಾದರೆ ಭಾನುವಾರ ಬೆಳಿಗ್ಗೆ ಉಜ್ಜುವುದು.

ಮೇಣ ಕಡೆಯಲು ಅವನು ಒಂದು ವಾರ ಊಟದ ಬಿಡುವನ್ನೆಲ್ಲ ಅದಕ್ಕೇ ಇಟ್ಟ. ಇಂಥ ಮೇಣ ತಾನು ಹನ್ನೊಂದು ವರ್ಷದಲ್ಲಿ ಕಡೆದಿಲ್ಲ ಅನ್ನಿಸಿತು. ಅವಳ ಮುಂದಿನ ಎಡ ಹಲ್ಲಿನಲ್ಲಿ ಒಂದು ಆಳದ ಕುಳಿ ಇತ್ತು. ಅದೇ ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು. ದಾರ ಕಡಿದು ಕಡಿದು ಬಿದ್ದದ್ದು. ಎರಡನ್ನೂ ತುಂಬಿ ನುಣ್ಣಗೆ ಮಾಡಿದ.

ಬುಧವಾರ ಟ್ರಯಲ್ ಹಲ್ಲು ಕೂರಿಸಿದರು. ಡಾಕ್ಟರು ಕನ್ನಡಿ ಹಿಡಿದರು. ಶಿವಕುಮಾರಿ ಬಹಳ ಹೊತ್ತು ನೋಡಿಕೊಂಡಳು. ತುಟಿ ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಹಲ್ಲು ಉಜ್ಜದೆ ಮೇಲೇ ಕೂರಿಸಿದ್ದರಿಂದ ತುಸು ದಪ್ಪವಾಗಿ, ಮೇಲ್ದುಟಿ ಮುಂದೆ ಬಂದಿತ್ತು.

"ಚಲೋ ಅದಾವ್ರಿ," ಎಂದಳು.

ಚಾಳಿನಲ್ಲಿ ಹಬ್ಬವಾಯಿತು. ಭಾಗವ್ವ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಯವ್ವಾ, ಟೂತ್‌ಪೇಸ್ಟ್ ಮಾರಾಕಿ ಆದಿ ಬಿಡು," ಎಂದಳು. ಬ್ಲೌಸ್ ಕೊಡಲು ಬಂದವರೆಲ್ಲ ಒಮ್ಮೆ ನೋಡಿ ಹೋದರು. ಶರಣು ಕಾಯುತ್ತಿದ್ದ. ಗುರುವಾರ ಊಟಕ್ಕೆ ಕೂತಾಗ, ಲ್ಯಾಬಿನ ಅನಿಲ ಯಾರದೋ ಮೇಲಿನ ಹಲ್ಲಿಗೆ ಇನ್ನಾರದೋ ಕೆಳಗಿನ ಹಲ್ಲು ಜೋಡಿಸಿ, ಬಾಯಿ ಮುಚ್ಚುವುದೇ ಇಲ್ಲ ಎಂದು ಅರ್ಧ ದಿನ ಗೋಳಾಡಿದ ಕತೆ ಹೇಳಿದ. ಚೆನ್ನಾಗಿಯೇ ಹೇಳಿದ. ಅವಳ ಕಣ್ಣಿನಲ್ಲಿ ನಗು ಬಂದದ್ದು ಅವನಿಗೆ ಕಂಡಿತು. ಅಷ್ಟರಲ್ಲಿ ಅವಳ ಎಡಗೈ ಎದ್ದು ಬಾಯಿ ಮುಚ್ಚಿತು. ಒಳಗೆ ಅವನೇ ಕಡೆದ ಹತ್ತು ಬೆಳ್ಳನೆಯ ಹಲ್ಲುಗಳಿದ್ದವು, ಮೇಲೆ ಕೈ.

ರೂಢಿ, ಹೋಗಲು ಸ್ವಲ್ಪ ದಿನ ಬೇಕು ಎಂದು ಸಮಾಧಾನ ಮಾಡಿಕೊಂಡ.

ಶುಕ್ರವಾರ ಸಂಜೆ ಅವನು ಬಂದಾಗ ಅವಳು ಮಶಿನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ಅಂಗೈ ಚಾಚಿದಳು. ಅದರಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿಯ ಚೂರು. ಬ್ಲೌಸಿಗೆ ಹುಕ್ಕು ಹಚ್ಚಿ, ಕತ್ತರಿ ಹುಡುಕದೆ, ದಿನಾ ಮಾಡುವ ಹಾಗೆ ದಾರ ಕಡಿದಿದ್ದಳು. ಹಲ್ಲಿನ ಮೂಲೆ ದಾರದ ಜೊತೆ ಬಂದಿತ್ತು.

ಶರಣು ಚೂರನ್ನು ಬೆರಳ ತುದಿಗೆ ತೆಗೆದುಕೊಂಡು ದೀಪಕ್ಕೆ ಹಿಡಿದ. ಇದು ಬರೀ ಟ್ರಯಲ್ ಮಾಲು, ಮೆತ್ತಗಿರತದ, ಅಸಲಿ ಪಿಂಗಾಣಿ ಹಿಂಗ ಮುರಿಯಾಂಗಿಲ್ಲ ಎಂದ. ಮುಂದೆ ದಾರ ಮಾತ್ರ ಹಲ್ಲಿನಿಂದ ಕಡಿಯಬಾರದು ಎಂದ. ತುದಿಯನ್ನು ಒಂದು ಕೂದಲು ದಪ್ಪ ಮಾಡಬಹುದೇನೋ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅವಳ ಬಾಯಿಯ ಕಡೆ ಬಗ್ಗಿ, ಎಲ್ಲಿ, ತೋರಿಸು, ಎಂದ.

ಶಿವಕುಮಾರಿ ತೋರಿಸಲಿಲ್ಲ.

"ಒಂದು ಮಾತು ಕೇಳ್ಲೇನ್ರಿ?" ಎಂದಳು. "ಮಾಟುಂಗದಾಗ ಇಡ್ಲಿ ತಿನ್ನಾಕ ಹೋಗಿದ್ವಿ. ನಿಮಗ ನೆನಪೈತೇನು?"

ನೆನಪಿಲ್ಲದೆ ಏನು. ಮದುವೆಯಾಗಿ ಅವಳನ್ನು ಮುಂಬೈಗೆ ಕರೆದುಕೊಂಡು ಬಂದ ಹೊಸದು. ಅವಳಿಗೆ ಲೋಕಲ್ ಹತ್ತಲು ಹೆದರಿಕೆ, ಕೈ ಹಿಡಿದು ಹತ್ತಿಸಿದ್ದ. ಸಾಂಬಾರಿನ ಬಕೆಟ್ಟು ಹಿಡಿದವನು ಗಡಿಬಿಡಿಯಲ್ಲಿ ಪಕ್ಕದ ಟೇಬಲ್ಲಿನ ಮುದುಕರ ಕಾಫಿಗೆ ಸಾಂಬಾರು ಹಾಕಿದ್ದ. ಆ ಮುದುಕರು ಅದನ್ನು ಒಂದು ಗುಟುಕು ಕುಡಿದು, ಇವತ್ತು ಕಾಫಿ ಖಾರ ಉಂಟಲ್ಲ ಅಂದಿದ್ದರು. ಆ ದಿನದ ಕತೆಯನ್ನು ಶರಣು ಲ್ಯಾಬಿನಲ್ಲಿ ಎಷ್ಟೋ ಸಲ ಹೇಳಿದ್ದ. ತನ್ನ ಮದುವೆಯ ಅತಿ ಚೆಂದದ ದಿನ ಎಂದರೆ ಅವನಿಗೆ ಅದೇ.

"ನನಗ ನಗಿ ತಡ್ಯಾಕ ಆಗಲಿಲ್ಲ. ಹೊಟ್ಟಿ ಹಿಡ್ಕೊಂಡು ನಕ್ಕೆ. ನೀವು ನನ್ನ ಬಾಯಿ ನೋಡಿದ್ರಿ," ಎಂದಳು ಶಿವಕುಮಾರಿ. "ನೋಡಿ, 'ಮ್ಯಾಲ ಹತ್ತು ವೆನೀರ್ ಕುಂಡ್ರಿಸಿದ್ರ ಮುಗೀತು' ಅಂದ್ರಿ."

ಬಗ್ಗಿ ನಿಂತಿದ್ದ ಶರಣು ನೆಟ್ಟಗಾದ.

"ಸಿಟ್ಟಿಲೆ ಅಂದಿಲ್ಲ ಬಿಡ್ರಿ. ಅದು ನನಗ ಗೊತ್ತೈತಿ. ಆದ್ರ ನಾ ನಗಾಕತ್ತಿದ್ದೆ, ನೀವು ಎಣಿಸಾಕತ್ತಿದ್ರಿ."

ಅವಳ ಧ್ವನಿಯಲ್ಲಿ ಜಗಳವಿರಲಿಲ್ಲ. ಅಷ್ಟು ಹೇಳಿ ಎದ್ದು ಅಕ್ಕಿ ತೊಳೆಯಲು ಹೋದಳು. ಶರಣು ಆ ಬಿಳಿಯ ಚೂರನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಸಾಂಬಾರು ನೆನಪಿತ್ತು, ಕಾಫಿ ನೆನಪಿತ್ತು, ಆ ಮುದುಕರ ಮೀಸೆ ನೆನಪಿತ್ತು. ತಾನು ಆಡಿದ ಮಾತು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಲ್ಯಾಬಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಆಡುವ ಮಾತು. ಗೌಂಡಿ ಗೋಡೆ ನೋಡಿದರೆ ಇಟ್ಟಿಗೆ ಎಷ್ಟು ಎನ್ನುತ್ತಾನೆ. ಎದುರಿಗಿದ್ದದ್ದು ಪ್ಲಾಸ್ಟರ್ ಅಲ್ಲ, ಹನ್ನೊಂದು ದಿನದ ಹೆಂಡತಿ ಎಂಬುದು ಅವನ ಕಣ್ಣಿಗೆ ಆ ಕ್ಷಣ ಹೊಳೆದಿರಲಿಲ್ಲ. ಎರಡು ವರ್ಷ ಅವನು ಬೋರಿನ ನೀರನ್ನು ಬೈಯುತ್ತ ಬಂದಿದ್ದ.

ಶನಿವಾರ ಲ್ಯಾಬಿನಲ್ಲಿ ಅವಳ ಪ್ಲಾಸ್ಟರ್ ಬಾಯಿಯನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟುಕೊಂಡ. ಮೇಣದ ಹತ್ತು ಹಲ್ಲುಗಳು ಅದರ ಮೇಲೆ ಇನ್ನೂ ಇದ್ದವು. ಹಿತೇಶ್‌ಭಾಯಿ ಚಹಾದ ಗ್ಲಾಸು ಹಿಡಿದು ಹಿಂದೆ ಬಂದು ನಿಂತ. ಮೆಚ್ಚಿ ತಲೆದೂಗಿದ.

"ಮಸ್ತ್ ಹೈ. ಪಿಛಲೇ ಹಫ್ತೇ ಬಾಂದ್ರಾವಾಲೀ ಕೋ ಭೀ ಯಹೀ ದಿಯಾ ಥಾ ನಾ?"

ಹೌದು, ಇವೇ ಹಲ್ಲುಗಳನ್ನು ಬಾಂದ್ರಾದವಳಿಗೂ ಕೊಟ್ಟಿದ್ದ. ಅವಳಿಗಿಂತ ಮುಂಚೆ ಅಂಧೇರಿಯ ಮದುಮಗನಿಗೆ, ಅವನಿಗಿಂತ ಮುಂಚೆ ಇನ್ನೊಬ್ಬರಿಗೆ. ಜೀವಮಾನದ ಕೆಲಸ ಎಂದುಕೊಂಡು ಕಡೆದದ್ದನ್ನು ಕೈ ತನ್ನ ಪಾಡಿಗೆ ದಿನದ ರೂಢಿಯಲ್ಲಿ ಕಡೆದುಬಿಟ್ಟಿತ್ತು. ಶರಣು ಚಾಕು ತೆಗೆದುಕೊಂಡು ಮೇಣವನ್ನು ಒಂದೊಂದಾಗಿ ಕೆರೆದು ತೆಗೆದ. ಅಡಿಯಿಂದ ಅವಳ ಹಲ್ಲು ಮೇಲೆ ಬಂತು, ಕಚ್ಚು ಸಮೇತ.

ಭಾನುವಾರ ಬೆಳಿಗ್ಗೆ ಇಬ್ಬರೂ ಕ್ಲಿನಿಕ್ಕಿಗೆ ಹೊರಟರು. ಸ್ಟೇಷನ್ನಿನ ಮೇಲಿನ ಸೇತುವೆ ದಾಟಿ ಪಶ್ಚಿಮಕ್ಕೆ ಇಳಿಯಬೇಕು. ಅವಳು ಒಳ್ಳೆಯ ಚೂಡಿದಾರ ಹಾಕಿಕೊಂಡಿದ್ದಳು, ಆಸ್ಪತ್ರೆಗೆ ಹೋಗುವವರ ಹಾಗೆ ನೀರಿನ ಬಾಟಲಿ ಹಿಡಿದಿದ್ದಳು. ಸೇತುವೆಯ ನಡುವೆ ಶರಣು ನಿಂತ. ಹಿಂದಿನಿಂದ ಬರುತ್ತಿದ್ದವರು ಬೈಯುತ್ತ ಎರಡೂ ಕಡೆಯಿಂದ ಸರಿದು ಹೋದರು.

"ಹತ್ತು ಬ್ಯಾಡ," ಎಂದ. ಆಮೇಲೆ, "ನನಗ ಬ್ಯಾಡ ಅಂತಲ್ಲ. ನಿನಗ ಏನ ಬೇಕು ಹೇಳು. ನಾ ಕೇಳೇ ಇಲ್ಲ."

ಅವಳು ಕಂಬಿಗೆ ಒರಗಿ ನಿಂತಳು. ಕೆಳಗೆ ಬೊರಿವಿಲಿ ಗಾಡಿ ಬಂದು ನಿಂತು, ಅರ್ಧ ಊರನ್ನು ಇಳಿಸಿ, ಹೋಯಿತು. ಅವಳು ಮಾತಾಡಿದಾಗ ಇದನ್ನೆಲ್ಲ ಮೊದಲೇ ಯೋಚಿಸಿಟ್ಟಿದ್ದಳು ಎಂದು ಅವನಿಗೆ ಗೊತ್ತಾಯಿತು. ಸಣ್ಣವಳಿದ್ದಾಗ ಬೂದಿ ಹಚ್ಚಿ, ಲಿಂಬೆ ಸಿಪ್ಪೆ ಹಚ್ಚಿ, ಒಸಡು ಹರಿಯುವವರೆಗೆ ತಿಕ್ಕಿದ್ದೇನೆ, ಕಂದು ಹೋಗಬೇಕು ಎಂಬ ಆಸೆ ನನಗೂ ಇದೆ ಎಂದಳು. ಡಾಕ್ಟರು ಹೇಳಿದ ಹುಳಿ ಪೇಸ್ಟು ಸಾಕು. ಎಷ್ಟು ಹೋಗುತ್ತದೋ ಅಷ್ಟು ಹೋಗಲಿ. ಆ ಕುಳಿಯ ಹಲ್ಲು ಮಾತ್ರ ತಣ್ಣೀರು ತಾಕಿದರೆ ಝುಮ್ಮೆನ್ನುತ್ತದೆ.

"ಅದೊಂದು ನೀವು ಮಾಡ್ರಿ," ಎಂದಳು. "ಬಾಕಿದ್ದು ನನ್ನವ ಇರ್ಲಿ."

ಡಾಕ್ಟರ್ ವಿನೋದಿನಿ ಇದನ್ನು ಕೇಳಿ ಉಜ್ಜುವ ಮಶಿನ್ನನ್ನು ಪಕ್ಕಕ್ಕೆ ಸರಿಸಿ, ಅಬ್ಬ, ನನಗೂ ಇವತ್ತು ಬೆಳಿಗ್ಗೆಯಿಂದ ತಿಂಡಿ ಸೇರಿರಲಿಲ್ಲ ಎಂದು ನಕ್ಕರು. ಟ್ರಯಲ್ ಹಲ್ಲು ತೆಗೆದರು. ಆಮೇಲಿನ ಆರು ವಾರ ಪೇಸ್ಟು, ತಿಕ್ಕುವುದು, ಜೆಲ್ಲು. ಕಂದು ಪಟ್ಟಿ ಮೊದಲು ಚಹಾದ ಬಣ್ಣಕ್ಕೆ, ಆಮೇಲೆ ಜೇನಿನ ಬಣ್ಣಕ್ಕೆ ಇಳಿಯಿತು. ಕೊನೆಗೆ ಕಂದು ಹೋಗಿ ಅಲ್ಲಲ್ಲಿ ಬೆಳ್ಳನೆಯ ಮಬ್ಬು ಉಳಿಯಿತು. ಪ್ರತಿ ವಾರ ಅವಳು ಒಬ್ಬಳೇ ಹೋಗಿ ಬರುತ್ತಿದ್ದಳು. ಶರಣು ಹೇಗಾಯಿತು ಎಂದು ಕೇಳುತ್ತಿದ್ದ, ತೋರಿಸು ಎನ್ನುತ್ತಿರಲಿಲ್ಲ. ನಾಲಿಗೆಯ ತುದಿಯವರೆಗೆ ಬಂದ ಮಾತನ್ನು ನುಂಗಿ ಈರುಳ್ಳಿ ಹೆಚ್ಚಲು ಕೂರುತ್ತಿದ್ದ.

ಕುಳಿಯ ಹಲ್ಲನ್ನು ತುಸುವೇ ಉಜ್ಜಿ ಅಚ್ಚು ಕಳಿಸಿದ ಡಾಕ್ಟರು ಚೀಟಿಯಲ್ಲಿ ಬಣ್ಣದ ಜಾಗ ಖಾಲಿ ಬಿಟ್ಟಿದ್ದರು. ಫೋನಿನಲ್ಲಿ ಹೇಳಿದರು: ಯಾವ ನಂಬರಿಗೂ ಕೂತುಕೊಳ್ಳುವುದಿಲ್ಲ, ಪಕ್ಕದ ಹಲ್ಲಿನ ಮಬ್ಬು ನೋಡಿ ಹಾಗೇ ಬಣ್ಣ ಕಟ್ಟಬೇಕು, ನೀವೇ ಕಣ್ಣಾರೆ ನೋಡದೆ ಆಗದು. ಹತ್ತು ಹಲ್ಲು ಒಟ್ಟಿಗೆ ಮಾಡುವುದು ಸುಲಭ, ಅವು ಒಂದಕ್ಕೊಂದು ಹೊಂದಿದರೆ ಸಾಕು. ಒಂದೇ ಹಲ್ಲು ಮಾಡಿ ಪಕ್ಕದ ಅಸಲಿಗೆ ಹೊಂದಿಸುವುದೇ ಈ ಕಸುಬಿನಲ್ಲಿ ಕಷ್ಟ. ಅದನ್ನು ನೋಡಲು ಟ್ಯೂಬ್‌ಲೈಟು ಆಗದು, ಹಗಲ ಬೆಳಕೇ ಬೇಕು.

ಹಾಗಾಗಿ ಮೇ ಕೊನೆಯ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಶಿವಕುಮಾರಿ ಮೊದಲ ಸಲ ಬೈಕುಲ್ಲಾದ ಲ್ಯಾಬಿಗೆ ಬಂದಳು. ಹಿತೇಶ್‌ಭಾಯಿ ಕಿಟಕಿಯ ಬಳಿ ಸ್ಟೂಲು ಒರೆಸಿ ಇಟ್ಟ. ಅವನು ಚಹಾ ತರಿಸಲು ಹೊರಟರೆ ಶರಣು ತಡೆದ. ಬಣ್ಣ ನೋಡುವ ಮುಂಚೆ ಚಹಾ ಕೂಡದು. ಅವಳು ಕಪಾಟಿನ ತುಂಬ ಸಾಲಾಗಿ ಕೂತ ಪ್ಲಾಸ್ಟರ್ ಬಾಯಿಗಳನ್ನು ನೋಡಿ, ಇವರೆಲ್ಲ ಇಡೀ ದಿನ ನಿಮ್ಮನ್ನ ನೋಡಿ ಹಲ್ಲು ಕಿರೀತಾರೇನ್ರಿ ಎಂದು ಮೆಲ್ಲಗೆ ಕೇಳಿದಳು.

ಅವನು ಎದುರಿಗೆ ಕೂತ. ಮೊಣಕಾಲಿಗೆ ಮೊಣಕಾಲು ತಾಕುವಷ್ಟು ಹತ್ತಿರ. ತೊಡೆಯ ಮೇಲೆ ಹಲಗೆ, ಅದರ ಮೇಲೆ ಹಾಳೆ, ಕೈಯಲ್ಲಿ ಬಣ್ಣದ ಪೆನ್ಸಿಲ್ಲು. ನಿಯಮ ಹೇಳಿದ. ತೆರೆದಿಟ್ಟ ಹಲ್ಲು ಬೇಗ ಒಣಗುತ್ತದೆ, ಒಣಗಿದರೆ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ, ಆಗ ಬಣ್ಣ ತಪ್ಪುತ್ತದೆ. ಆದ್ದರಿಂದ ಹತ್ತು ಎಣಿಸುವಷ್ಟು ತೆರೆ, ಆಮೇಲೆ ಮುಚ್ಚಿ ನಾಲಿಗೆ ಆಡಿಸಿ ಒದ್ದೆ ಮಾಡಿಕೊ, ಮತ್ತೆ ತೆರೆ.

"ಯಾವಾಗ ತಗೀಬೇಕು, ಯಾವಾಗ ಮುಚ್ಚಬೇಕು?"

"ನಿನಗ ಯಾವಾಗ ಬೇಕೋ ಆವಾಗ," ಎಂದ. "ನಾ ಕಾಯ್ತೀನಿ."

ಅವಳು ಕಿಟಕಿಯಾಚೆ ನೋಡಿದಳು. ಮೇಲಿನ ಮಾಳಿಗೆಯಿಂದ ಜರಿಯವರ ರೇಡಿಯೋ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಅವಳು ತುಟಿ ತೆರೆದಳು.

ಮುಂದಿನ ಬಲ ಹಲ್ಲಿನ ಮಬ್ಬು ಒಂದೇ ಬಿಳುಪಲ್ಲ ಎಂದು ಶರಣುವಿಗೆ ಆಗ ತಿಳಿಯಿತು. ತುದಿಯ ಹತ್ತಿರ ಅದು ಹಾಲಿನ ಕೆನೆಯ ಹಾಗೆ ದಪ್ಪ, ನಡುವೆ ತೆಳುವಾಗಿ ಹರಡಿ, ಒಸಡಿನ ಕಡೆ ಹೋಗುತ್ತ ಅಡ್ಡಡ್ಡ ಗೆರೆಗಳಾಗಿ ಕರಗುತ್ತಿತ್ತು. ಒಂದು ಗೆರೆಯಲ್ಲಿ ಜೇನಿನ ಬಣ್ಣ ಇನ್ನೂ ಇತ್ತು. ಗೆರೆ ಹಾಕಿದ. ಅವಳು ಮುಚ್ಚಿದಳು, ತೆರೆದಳು. ಇನ್ನೊಂದು ಗೆರೆ ಹಾಕಿದ. ಅವಳ ಉಸಿರು ಅವನ ಮಣಿಕಟ್ಟಿಗೆ ತಾಕುತ್ತಿತ್ತು. ಹಾಳೆಯ ಮೇಲೆ ಅಂಗೈಯಷ್ಟು ದೊಡ್ಡ ಹಲ್ಲೊಂದು ಮೂಡುತ್ತಿತ್ತು. ಮೂರನೆಯ ಸಲವೋ ನಾಲ್ಕನೆಯ ಸಲವೋ ತೆರೆದಾಗ ಅವಳು ಕಿಟಕಿ ಬಿಟ್ಟು ಅವನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಬೆಳಕು ಹೋಯಿತು. ಮಳೆಗಾಲಕ್ಕೆ ಮುಂಚಿನ ಒಂದು ಮೋಡ ಬೈಕುಲ್ಲಾದ ಮೇಲೆ ಬಂದು ಕೂತಿತು.

"ಈಗೇನ ಮಾಡೂದ್ರಿ?"

"ಕುಂಡ್ರೂದು. ಮೋಡ ಸರೀಬೇಕು."

ಅವಳು ಸ್ವಲ್ಪ ಹೊತ್ತು ಕೂತಳು. ಆಮೇಲೆ ಮೇಜಿನ ಮೇಲಿದ್ದ ಶೇಡ್ ಗೈಡ್ ಎತ್ತಿಕೊಂಡು ತಿರುಗಿಸಿ ನೋಡಿದಳು. ಬ್ಲೌಸಿಗೆ ಹೊಂದುವ ದಾರ ಆರಿಸುವವಳ ಹಾಗೆ ಮೊದಲ ಹುಸಿ ಹಲ್ಲನ್ನು ಕಿತ್ತು ಎರಡು ಬೆರಳಲ್ಲಿ ಹಿಡಿದಳು.

"ನಿಮ್ದು ಯಾವ ನಂಬರ್ ಐತಿ?"

ಶರಣು ನಾಲಿಗೆಯಿಂದ ತನ್ನ ಹಲ್ಲು ಸವರಿಕೊಂಡ. ಹನ್ನೊಂದು ವರ್ಷದಲ್ಲಿ ತನ್ನದನ್ನು ನೋಡಿಕೊಂಡಿರಲಿಲ್ಲ. ಈ ಬೆಳಕಿನಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ ಎಂದ.

"ಸುಮ್ನ ಬಾಯಿ ತಗೀರಿ."

ತೆಗೆದ. ಅವಳು ಹಲ್ಲಿಗೆ ಹಲ್ಲು ಹಿಡಿದು, ಕಣ್ಣು ಕಿರಿದು ಮಾಡಿ, ತಲೆ ಅಡ್ಡ ಹಾಕಿ ನೋಡಿದಳು. ಇದಲ್ಲ ಎಂದಳು. ಎರಡನೆಯದು ಹಿಡಿದಳು. ಅದೂ ಅಲ್ಲ. ಅವನು ಮಾತಾಡಲು ಹೋದರೆ, ಒಣಗತದ, ಒದ್ದಿ ಮಾಡ್ಕೋರಿ ಎಂದಳು. ಅವನು ಹಾಗೇ ಮಾಡಿದ. ಆರನೆಯದಕ್ಕೆ ಬಂದಾಗ, ಇಷ್ಟು ಚಹಾ ಕುಡಿಯವ್ರ ಹಲ್ಲು ಈ ಕಂಪನಿಯವ್ರು ಮಾಡೇ ಇಲ್ಲ ಕಾಣ್ತದ ಎಂದು ಹೇಳಹೋಗಿ, ಹೇಳಿ ಮುಗಿಸಲಾರದೆ, ನಕ್ಕುಬಿಟ್ಟಳು. ನಗೆ ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಓಡಿತು. ಆ ಕಡೆಯ ಮೇಜಿನ ಅನಿಲ ತಲೆ ಎತ್ತಿ ನೋಡಿದ.

ಉಜಾಲಾ ಆ ಗಯಾ, ಎಂದು ಹಿತೇಶ್‌ಭಾಯಿ ಹೇಳಿದ. ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಶರಣುವಿನ ಹಲಗೆ ತೊಡೆಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಅವನು ಬಾಯಿ ತೆರೆದುಕೊಂಡೇ ಇದ್ದ. ಶಿವಕುಮಾರಿ ಒಂಬತ್ತನೆಯ ಹಲ್ಲು ಹಿಡಿದಿದ್ದಳು, ಇನ್ನೂ ಏಳು ಬಾಕಿ ಇದ್ದವು.